ಸಣ್ಣ ಐಎಸ್‌ಪಿಗೆ ಇಂಟರ್ಸೆಪ್ಶನ್ ತಲೆಬಿಸಿ: ಕಡಿಮೆ ಖರ್ಚಲ್ಲಿ ಸರಿಯಾಗಿ ಮಾಡುದು ಹೇಗೆ

ಎರಡು ವರ್ಷ ಆಗಿರ್ಬಹುದು, ಬ್ರಹ್ಮಾವರ ಕಡೆಯ ಪರಿಚಯದ ಐಎಸ್‌ಪಿ (ಮನೆಮನೆಗೆ ಇಂಟರ್ನೆಟ್ ಕೊಡುವವ್ರು) ಒಬ್ರು ಫೋನ್ ಮಾಡಿದ್ರು. ಒಟ್ಟು ಸಾವಿರದ ಐನೂರು ಕನೆಕ್ಷನ್, ಅದ್ರಲ್ಲಿ ಅರ್ಧ ಜನ ಬಿಲ್ಲು ಕಟ್ಲಿಕ್ಕೆ ಸತಾಯಿಸುವವ್ರು. ಇವರಿಗೆ ಯಾರೋ ಇಂಟರ್ಸೆಪ್ಶನ್ ಬಾಕ್ಸಿಗೆ, ಅಂದ್ರೆ ಸರ್ಕಾರದ ಆದೇಶ ಬಂದಾಗ ಒಬ್ಬ ಗಿರಾಕಿಯ ಇಂಟರ್ನೆಟ್ ಟ್ರಾಫಿಕ್ ಹಿಡಿದು ಕೊಡುವ ಮೆಷಿನಿಗೆ, ಕೊಟೇಶನ್ ಕೊಟ್ಟಿದ್ದಾರೆ, ಅದ್ರಲ್ಲಿರುವ ಸೊನ್ನೆ ಎಣಿಸಿ ಬಿಪಿ ಏರಿದೆ. "ಇದಕ್ಕಿಂತ ಮಲ್ಪೆಯಲ್ಲಿ ಒಂದು ಬೋಟ್ ತೆಗೊಂಡು ಮೀನಿಗೆ ಹೋಗುದೇ ವಾಸಿ ಮಾರಾಯ್ರೆ" ಅಂದ್ರು.

ಹೋಗಿ ನೋಡಿದೆ. ಕೇಳಿದ್ದು ಒಂದೇ ಪ್ರಶ್ನೆ: ನಿನ್ನೆ ರಾತ್ರಿ 9 ಗಂಟೆ 12 ನಿಮಿಷಕ್ಕೆ ನಿಮ್ಮ ಈ ಪಬ್ಲಿಕ್ ಐಪಿಯ (ಇಂಟರ್ನೆಟ್ಟಿಗೆ ಕಾಣುವ ವಿಳಾಸ) ಈ ಪೋರ್ಟಲ್ಲಿ (ಆ ವಿಳಾಸದೊಳಗಿನ ಬಾಗಿಲು ನಂಬರ್) ಇದ್ದದ್ದು ಯಾರು? ಹೇಳ್ಲಿಕ್ಕೆ ಆಗ್ಲಿಲ್ಲ. ನ್ಯಾಟ್ (ತುಂಬ ಮನೆಗಳನ್ನು ಒಂದೇ ಪಬ್ಲಿಕ್ ಐಪಿಯ ಹಿಂದೆ ಕೂರಿಸುವ ಕ್ರಮ) ಲಾಗ್ ಇಲ್ಲ, ರೇಡಿಯಸ್ (ಗಿರಾಕಿಯ ಲಾಗಿನ್ ನೋಡ್ಕೊಳ್ಳುವ ಸರ್ವರ್) ಲಾಗ್ ಮೂರು ತಿಂಗಳಿಗೊಮ್ಮೆ ತನ್ನಿಂತಾನೇ ಅಳಿಸಿ ಹೋಗ್ತದೆ, ರೂಟರ್ ಗಡಿಯಾರ ನಾಲ್ಕು ನಿಮಿಷ ಹಿಂದೆ. ಇಂಥ ನೆಟ್‌ವರ್ಕಿಗೆ ಕೋಟಿ ರೂಪಾಯಿ ಬಾಕ್ಸ್ ತಂದು ಕಟ್ಟಿದ್ರೂ ಅದು ಯಾರ ಟ್ರಾಫಿಕ್ ಹಿಡಿಯುದು ಅಂತ ಅದಕ್ಕೇ ಗೊತ್ತಾಗ್ಲಿಕ್ಕಿಲ್ಲ. ಗಿರಾಕಿ ಯಾರು ಅಂತ ಗುರುತಿಸುವ ಕೆಲಸ ಮೊದ್ಲು ಗಟ್ಟಿ ಮಾಡಿದ್ರೆ ಟ್ರಾಫಿಕ್ ತೆಗೆದುಕೊಡುವ ಕೆಲಸ ಸಲೀಸು, ಅಗ್ಗ. ಹೆಚ್ಚಿನವ್ರು ಉಲ್ಟಾ ಕಡೆಯಿಂದ ಶುರು ಮಾಡಿ ದುಡ್ಡು ಲಗಾಡಿ ತೆಗೀತಾರೆ. ಹಾಗಾಗಿ ಇಲ್ಲಿ ಬಾಕ್ಸಿನ ವಿಷ್ಯ ತುಂಬ ಕೆಳಗೆ ಬರ್ತದೆ, ಅಲ್ಲಿವರೆಗೆ ಸ್ವಲ್ಪ ತಾಳ್ಮೆ ಇರ್ಲಿ.

ಮೊದ್ಲು: ಲೈಸೆನ್ಸ್ ನಿಮ್ದಾ, ಬೇರೆಯವ್ರದ್ದಾ?

ನಮ್ಮ ಕಡೆ ಕೇಬಲ್ ಎಳೆದು ಬೋರ್ಡು ಹಾಕಿದವ್ರೆಲ್ಲ ಐಎಸ್‌ಪಿ ಅಂತಲೇ ಹೇಳ್ಕೊಳ್ಳುದು. ಆದ್ರೆ ಅದ್ರಲ್ಲಿ ತುಂಬ ಜನ ದೊಡ್ಡ ಲೈಸೆನ್ಸಿಯ ಫ್ರಾಂಚೈಸಿ ಮಾತ್ರ. ನೀವು ಫ್ರಾಂಚೈಸಿ ಆದ್ರೆ ಟ್ಯಾಪಿಂಗ್ ನಿಮ್ಮ ಕೆಲಸವೇ ಅಲ್ಲ, ಯಾವ ಕಾಗದ ಬಂದ್ರೂ ಅದೇ ದಿನ ಲೈಸೆನ್ಸಿಯ ನೋಡಲ್ ಆಫೀಸರಿಗೆ (ಇಂಥ ಕಾಗದಕ್ಕೆ ಹೊಣೆ ಇರುವವ್ರು) ದಾಟಿಸಿ, ಗಿರಾಕಿಯ ಅರ್ಜಿ ಫಾರ್ಮ್, ಐಡಿ, ಮನೆ ವಿಳಾಸ ಸರಿಯಾಗಿ ಇಟ್ಕೊಳ್ಳಿ. "ಕಂಬದ ಪಕ್ಕದ ಮನೆ, ಶೆಟ್ರು" ಅಂತ ವಿಳಾಸ ಬರೆದ ಫಾರ್ಮ್ ನಾನು ನೋಡಿದ್ದುಂಟು. ಶೆಟ್ರು ಅಂದ್ರೆ ಯಾವ ಶೆಟ್ರು ಅಂತ ಉಡುಪಿಯಲ್ಲಿ ಹುಡುಕಿ ನೋಡಿ ಒಮ್ಮೆ.

ಲೈಸೆನ್ಸ್ ನಿಮ್ಮ ಕಂಪೆನಿ ಹೆಸರಲ್ಲೇ ಇದ್ರೆ, ಎ ಅಂದ್ರೆ ಇಡೀ ದೇಶ, ಬಿ ಅಂದ್ರೆ ಒಂದು ಸರ್ಕಲ್ (ಸುಮಾರಾಗಿ ಒಂದು ರಾಜ್ಯ), ಸಿ ಅಂದ್ರೆ ಒಂದು ಎಸ್‌ಎಸ್‌ಎ (ಹೆಚ್ಚುಕಡಿಮೆ ಒಂದು ಜಿಲ್ಲೆಯಷ್ಟು ಏರಿಯಾ), ಯಾವ ಕೆಟಗರಿ ಆದ್ರೂ ಜವಾಬ್ದಾರಿ ನಿಮ್ದೇ. ಸಿ ಕೆಟಗರಿಯವ್ರು "ನಾವು ಸಣ್ಣವ್ರಲ್ವಾ, ನಮಗೆಂತ ಉಂಟು" ಅಂತ ಕೂರುದು ಬೇಡ. ಲೈಸೆನ್ಸ್ ಅಗ್ರಿಮೆಂಟ್ ಎದುರಿಟ್ಟು ಸೆಕ್ಯುರಿಟಿ ಕಂಡೀಷನ್ ಇರುವ ಅಧ್ಯಾಯ ಒಂದು ಸಂಜೆ ಕೂತು ಓದಿ, ಪೆನ್ನಲ್ಲಿ ಗೀಟು ಹಾಕಿ. ಮಾನಿಟರಿಂಗ್ ಸೌಲಭ್ಯ ಲೈಸೆನ್ಸಿಯ ಖರ್ಚಲ್ಲೇ ಕೊಡ್ಬೇಕು ಅಂತ ಅಲ್ಲಿ ಬರೆದಿರ್ತದೆ, ನೆಟ್‌ವರ್ಕಲ್ಲಿ ಬಲ್ಕ್ ಎನ್‌ಕ್ರಿಪ್ಷನ್ ಸಲಕರಣೆ ಹಾಕ್ಬಾರ್ದು ಅಂತಲೂ ಇರ್ತದೆ. ಎರಡು ಪಾಪ್ (ಸಲಕರಣೆ ಇಡುವ ಕೇಂದ್ರ) ಮಧ್ಯೆ ಎಲ್ಲ ಗಿರಾಕಿಗಳ ಟ್ರಾಫಿಕ್ಕನ್ನು ಎನ್‌ಕ್ರಿಪ್ಟ್ ಮಾಡಿ ಐಪಿಸೆಕ್ ಟನಲಲ್ಲಿ ಕಳ್ಸುವವ್ರು ಈ ಎರಡನೇ ಸಾಲನ್ನು ಎರಡು ಸಲ ಓದಿ.

ಕಾನೂನು, ಬೇಕಾದಷ್ಟು ಮಾತ್ರ

ಹಿಂದೆ ಇದೆಲ್ಲ 1885ರ ಟೆಲಿಗ್ರಾಫ್ ಕಾಯ್ದೆಯ ಸೆಕ್ಷನ್ 5(2) ಮತ್ತು 419ಎ ನಿಯಮದಲ್ಲಿ ನಡೀತಿತ್ತು. ಆ ನಿಯಮದ ಹಿಂದೆ ಇದ್ದದ್ದು 1996ರಲ್ಲಿ ಪಿಯುಸಿಎಲ್ (ನಾಗರಿಕ ಹಕ್ಕುಗಳ ಸಂಘಟನೆ) ಕೇಸಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು, ಫೋನ್ ಕದ್ದು ಕೇಳುದು ಖಾಸಗಿತನದ ಹಕ್ಕಿಗೆ ಕೈ ಹಾಕಿದ ಹಾಗೆ, ಹಾಗಾಗಿ ಕ್ರಮ ಬೇಕು ಅಂತ ಹೇಳಿದ್ದು. ಈಗ ಟೆಲಿಕಮ್ಯುನಿಕೇಷನ್ ಕಾಯ್ದೆ 2023ರ ಸೆಕ್ಷನ್ 20(2), ಅದರ ಕೆಳಗೆ 2024ರ ಡಿಸೆಂಬರ್ 6ರಂದು ಬಂದ ಇಂಟರ್ಸೆಪ್ಶನ್ ನಿಯಮಗಳು. ಪಕ್ಕದಲ್ಲಿ ಐಟಿ ಕಾಯ್ದೆಯ ಸೆಕ್ಷನ್ 69 ಮತ್ತು ಅದರ 2009ರ ನಿಯಮಗಳೂ ಉಂಟು.

ನಿಮಗೆ ನೆನಪಿರ್ಬೇಕಾದದ್ದು ಇಷ್ಟು. ಇಂಟರ್ಸೆಪ್ಶನ್ ಆದೇಶ ಕೊಡುದು ಕೇಂದ್ರದಲ್ಲಿ ಗೃಹ ಕಾರ್ಯದರ್ಶಿ, ರಾಜ್ಯದಲ್ಲಿ ಗೃಹ ಇಲಾಖೆಯ ಕಾರ್ಯದರ್ಶಿ. ತುರ್ತು ಇದ್ರೆ ಟ್ಯಾಪ್ ಮಾಡಿಸ್ಲಿಕ್ಕೆ ಅಧಿಕಾರ ಇರುವ ಏಜೆನ್ಸಿಯ ಮುಖ್ಯಸ್ಥರು ಅಥವಾ ಎರಡನೇ ಸ್ಥಾನದವ್ರು ಕೊಡ್ಬಹುದು, ರಾಜ್ಯದಲ್ಲಾದ್ರೆ ಅವ್ರು ಐಜಿ ದರ್ಜೆಗಿಂತ ಕೆಳಗಿರ್ಬಾರ್ದು, ಆದ್ರೆ ಮೂರು ಕೆಲಸದ ದಿನದೊಳಗೆ ಮೇಲಿನವ್ರಿಗೆ ಸಲ್ಲಿಸಿ ಏಳು ಕೆಲಸದ ದಿನದೊಳಗೆ ಮಂಜೂರಾತಿ ಬರ್ಬೇಕು, ಬರದಿದ್ರೆ ನಿಲ್ಲಿಸ್ಬೇಕು. ಒಂದು ಆದೇಶದ ಆಯಸ್ಸು 60 ದಿನ, ಮುಂದುವರಿಸಿದ್ರೂ ಒಟ್ಟು 180 ದಿನ ದಾಟುವ ಹಾಗಿಲ್ಲ.

ಇದು ಟ್ಯಾಪಿಂಗ್ ವಿಷ್ಯ. ನಿಮ್ಮ ಟೇಬಲಿಗೆ ಬರುವ ಕಾಗದದಲ್ಲಿ ಹೆಚ್ಚಿನದ್ದು ಟ್ಯಾಪಿಂಗ್ ಅಲ್ವೇ ಅಲ್ಲ. ಸೆನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧ) ಪೊಲೀಸ್ ಠಾಣೆಯಿಂದ "ಈ ಐಪಿ ಈ ಹೊತ್ತಿಗೆ ಯಾರ ಹತ್ರ ಇತ್ತು" ಅಂತ ಕೇಳುವ ನೋಟಿಸ್, ಹಿಂದೆ ಸಿಆರ್‌ಪಿಸಿ 91, ಈಗ ಬಿಎನ್‌ಎಸ್‌ಎಸ್ 94. ಇದು ಆಗ್ಲೇ ಆಗಿ ಹೋದದ್ದರ ದಾಖಲೆ ಕೇಳುದು. ಇನ್ನು ಮುಂದೆ ಬರುವ ಟ್ರಾಫಿಕ್ಕನ್ನು ಹಿಡಿದು ಕೊಡಿ ಅಂದ್ರೆ ಮಾತ್ರ ಇಂಟರ್ಸೆಪ್ಶನ್. ಠಾಣೆಯ ಸಬ್ ಇನ್ಸ್‌ಪೆಕ್ಟರ್ ಎಷ್ಟೇ ಪರಿಚಯದವ್ರಾಗಿರ್ಲಿ, ಒಟ್ಟಿಗೆ ಕ್ರಿಕೆಟ್ ಆಡಿದವ್ರೇ ಆಗಿರ್ಲಿ, "ಒಂದು ಸ್ವಲ್ಪ ನೋಡಿ ಹೇಳಿ ಮಾರಾಯ್ರೆ, ಇವ ಎಂತ ನೋಡ್ತಾನೆ ಅಂತ" ಅಂತ ಬಾಯಲ್ಲಿ ಕೇಳಿದ್ರೆ ಇಲ್ಲ ಅಂತಲೇ ಹೇಳ್ಬೇಕು. ಕಾನೂನು ಮೀರಿ ಇಂಟರ್ಸೆಪ್ಟ್ ಮಾಡಿದವ್ರಿಗೆ ಹೊಸ ಕಾಯ್ದೆಯ ಸೆಕ್ಷನ್ 42ರಲ್ಲಿ ಮೂರು ವರ್ಷದವರೆಗೆ ಜೈಲು ಅಥವಾ ಎರಡು ಕೋಟಿವರೆಗೆ ದಂಡ ಅಥವಾ ಎರಡೂ. ಆಗ ಆ ಪರಿಚಯದವ್ರು ಬಂದು ಬಿಡಿಸ್ಲಿಕ್ಕಿಲ್ಲ.

ನೋಡಲ್ ಆಫೀಸರ್

ನಿಯಮ ಪ್ರಕಾರ ಲೈಸೆನ್ಸ್ ಇರುವ ಪ್ರತಿ ಏರಿಯಾಗೆ ಇಬ್ಬರು ಹಿರಿಯ ಸಿಬ್ಬಂದಿ. ಸಣ್ಣ ಕಂಪೆನಿಯಲ್ಲಿ ಹಿರಿಯ ಸಿಬ್ಬಂದಿ ಅಂದ್ರೆ ಡೈರೆಕ್ಟರ್ ಅಣ್ಣ ತಮ್ಮಂದಿರೇ, ಅಡ್ಡಿಲ್ಲ, ಆದ್ರೆ ಇಬ್ಬರಲ್ಲಿ ಒಬ್ರಿಗಾದ್ರೂ ರೂಟರ್ ಮುಟ್ಲಿಕ್ಕೆ ಗೊತ್ತಿರ್ಬೇಕು. ಯಾಕಂದ್ರೆ ಗೊತ್ತಿಲ್ಲದಿದ್ರೆ ಅವ್ರು ನೆಟ್‌ವರ್ಕ್ ಹುಡುಗನ್ನ ಕರೀತಾರೆ, ಆ ಹುಡುಗ ರೂಮ್‌ಮೇಟಿಗೆ ಹೇಳ್ತಾನೆ, ಸಂಜೆಯೊಳಗೆ ಗೂಡಂಗಡಿಯಲ್ಲಿ ಸುದ್ದಿ.

ಆದೇಶ ಬಂದ ಎರಡು ಗಂಟೆಯೊಳಗೆ ಸ್ವೀಕೃತಿ ಕೊಡ್ಬೇಕು, ಭಾನುವಾರ ಆಗ್ಲಿ, ಆಟಿಯ ಮಳೆಗೆ ಫೈಬರ್ ಎಲ್ಲ ಕಡಿದು ಹೋದ ದಿನ ಆಗ್ಲಿ. ಹಾಗಾಗಿ ಒಂದು ಬೇರೆಯೇ ಮೊಬೈಲ್ ನಂಬರ್, ಒಂದು ಬೇರೆಯೇ ಮೇಲ್ ಐಡಿ ಮಾಡಿಡಿ, ಆಫೀಸಿನ ಕಂಪ್ಲೇಂಟ್ ಮೇಲ್‌ಬಾಕ್ಸಿಗೆ ಇದನ್ನು ಸೇರಿಸ್ಲೇಬೇಡಿ. ಹದಿನೈದು ದಿನಕ್ಕೊಮ್ಮೆ ಬಂದ ಆದೇಶಗಳ ಪಟ್ಟಿ ಏಜೆನ್ಸಿಗೆ ಕಳ್ಸಿ ತಾಳೆ ನೋಡುದೂ ಇವ್ರದ್ದೇ ಕೆಲಸ, ಕ್ಯಾಲೆಂಡರಲ್ಲಿ 1 ಮತ್ತು 16ನೇ ತಾರೀಕಿಗೆ ಅಲಾರಂ ಹಾಕಿ ಬಿಡಿ.

ನಕಲಿ ಕಾಗದ ಬರುದೂ ಉಂಟು. ಸೀಲು, ಸಿಂಹದ ಲಾಂಛನ ಎಲ್ಲ ಇರ್ತದೆ, ಕಳ್ಸಿದ್ದು ಮಾತ್ರ ಫ್ರೀ ಮೇಲ್ ಐಡಿಯಿಂದ. ಕಾಗದದಲ್ಲಿ ಬರೆದ ನಂಬರಿಗೆ ಫೋನ್ ಮಾಡಿ ಕೇಳಿದ್ರೆ ಕಳ್ಳನೇ ಎತ್ತಿ "ಹೌದು ನಾನೇ ಕಳ್ಸಿದ್ದು" ಅಂತಾನೆ. ಇಲಾಖೆಯ ವೆಬ್‌ಸೈಟಲ್ಲಿರುವ ನಂಬರಿಗೆ ಮಾಡಿ ಕೇಳಿ. ಏಜೆನ್ಸಿ ಕಡೆಯ ನೋಡಲ್ ಆಫೀಸರ್ ಎಸ್‌ಪಿ ದರ್ಜೆಗಿಂತ ಕೆಳಗಿನವ್ರಾಗಿರ್ಲಿಕ್ಕಿಲ್ಲ, ಅವರ ಹೆಸರು ನಂಬರ್ ಮೊದ್ಲೇ ಬರೆದು ಲಾಕರಲ್ಲಿಡಿ.

ಗಡಿಯಾರ

ಖರ್ಚು ಸೊನ್ನೆ, ಆದ್ರೆ ಇದನ್ನೇ ಯಾರೂ ಮಾಡುದಿಲ್ಲ. ರೂಟರ್, ರೇಡಿಯಸ್ ಸರ್ವರ್, ಲಾಗ್ ಸರ್ವರ್, ಓಎಲ್‌ಟಿ (ಮನೆಗಳ ಫೈಬರ್ ಬಂದು ಸೇರುವ ಬಾಕ್ಸ್) ಎಲ್ಲದಕ್ಕೂ ಎನ್‌ಟಿಪಿ (ನೆಟ್‌ವರ್ಕಿಂದ ಗಡಿಯಾರ ಸರಿ ಮಾಡುವ ವ್ಯವಸ್ಥೆ) ಹಾಕಿ. 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ) ನಿರ್ದೇಶನದಲ್ಲಿ ಸರ್ಕಾರದ ಎನ್‌ಐಸಿ ಅಥವಾ ಎನ್‌ಪಿಎಲ್ ಸರ್ವರಿನ ಸಮಯಕ್ಕೆ ಹೊಂದಿಸ್ಬೇಕು ಅಂತಲೇ ಉಂಟು.

ಇಲ್ಲಿ ನನ್ನದೇ ಒಂದು ಪೆದ್ದುತನ ಹೇಳ್ಬೇಕು. ಒಂದು ನೋಟಿಸಲ್ಲಿ 21:40 ಅಂತ ಇತ್ತು, ನಾನು ರಾತ್ರಿ 9:40 ಅಂತ ತಿಳ್ಕೊಂಡು ಹುಡುಕಿದೆ, ಸಾಲಿಗ್ರಾಮದ ಒಬ್ರು ನಿವೃತ್ತ ಟೀಚರ್ ಹೆಸರು ಸಿಕ್ತು, ಕಾಗದ ಟೈಪ್ ಮಾಡಿಯೂ ಆಯ್ತು. ಕಳ್ಸುವ ಮೊದ್ಲು ನೋಟಿಸಿನ ಜೊತೆ ಬಂದ ಪ್ರಿಂಟೌಟ್ ಇನ್ನೊಮ್ಮೆ ನೋಡಿದ್ರೆ ಮೂಲೆಯಲ್ಲಿ ಸಣ್ಣಕ್ಕೆ ಯುಟಿಸಿ (ಅಂತರರಾಷ್ಟ್ರೀಯ ಸಮಯ) ಅಂತ ಉಂಟು! ಐದೂವರೆ ಗಂಟೆ ಸೇರಿಸಿದ್ರೆ ಮರುದಿನ ಬೆಳಗಿನ ಜಾವ 3:10, ತಾರೀಕೇ ಬೇರೆ, ಮನುಷ್ಯರೇ ಬೇರೆ. ಪಾಪ ಆ ಟೀಚರ್ ಮನೆಗೆ ಪೊಲೀಸ್ ಜೀಪ್ ಹೋಗ್ತಿತ್ತು. ಅಂದಿನಿಂದ ನಾನು ಲಾಗ್ ಎಲ್ಲ ಯುಟಿಸಿಯಲ್ಲೇ ಇಡುದು, ಉತ್ತರದಲ್ಲಿ ಎರಡೂ ಸಮಯ ಬರೆಯುದು, ನೋಟಿಸಲ್ಲಿ ಟೈಮ್‌ಜೋನ್ ಇಲ್ಲದಿದ್ರೆ ಬರಹದಲ್ಲಿ ವಾಪಸ್ ಕೇಳುದು.

ರೇಡಿಯಸ್ ಮತ್ತು ನ್ಯಾಟ್: ಅಸಲಿ ಕೆಲಸ ಇಲ್ಲೇ

ಗಿರಾಕಿ ಪಿಪಿಪಿಒಇಯಲ್ಲಿ (ಯೂಸರ್ ನೇಮ್, ಪಾಸ್‌ವರ್ಡ್ ಹಾಕಿ ಕನೆಕ್ಟ್ ಆಗುವ ಕ್ರಮ) ಲಾಗಿನ್ ಆದಾಗ ಯೂಸರ್ ನೇಮ್, ಕೊಟ್ಟ ಐಪಿ, ಮ್ಯಾಕ್ (ಸಾಧನದ ನಂಬರ್), ಶುರು ಸಮಯ, ಮುಗಿದ ಸಮಯ, ಇಷ್ಟು ರೇಡಿಯಸ್ ಅಕೌಂಟಿಂಗಲ್ಲಿ ಬರ್ಬೇಕು. ಫ್ರೀರೇಡಿಯಸ್ ಪುಕ್ಕಟೆ, ಒಂದು ಹಳೇ ಸರ್ವರ್ ಸಾಕು. ನಮ್ಮ ಊರಲ್ಲಿ ತೊಂದರೆ ಬರುದು ಗುಡುಗು ಮಿಂಚಿಗೆ: ಕರೆಂಟ್ ಹೋಗಿ ರೂಟರ್ ಧಡಕ್ಕಂತ ಬಂದ್ ಆದ್ರೆ ಸೆಷನ್ ಮುಗೀತು ಅಂತ ಹೇಳುವ ಸ್ಟಾಪ್ ಪ್ಯಾಕೆಟ್ ಬರುದೇ ಇಲ್ಲ, ಲಾಗಲ್ಲಿ ಆ ಗಿರಾಕಿ ಮೂರು ದಿನ ಲಾಗಿನ್ ಆಗಿಯೇ ಇದ್ದ ಹಾಗೆ ಕಾಣ್ತದೆ, ಅದೇ ಐಪಿ ಇನ್ನೊಬ್ಬರಿಗೂ ಹೋಗಿರ್ತದೆ. ಇದಕ್ಕೆ ಇಂಟರಿಮ್ ಅಪ್‌ಡೇಟ್ (ಗಿರಾಕಿ ಇನ್ನೂ ಲಾಗಿನ್ ಇದ್ದಾರೆ ಅನ್ನುವ ವರದಿ) ಐದು ನಿಮಿಷಕ್ಕೊಮ್ಮೆ ಇಡಿ, ರೂಟರ್ ಎದ್ದಾಗ ಕಳ್ಸುವ ಅಕೌಂಟಿಂಗ್-ಆನ್ ಪ್ಯಾಕೆಟ್ ಬಂದ ಕೂಡ್ಲೇ ಹಳೇ ಸೆಷನ್ ಎಲ್ಲ ಮುಚ್ಚುವ ಹಾಗೆ ಮಾಡಿ.

ಇನ್ನು ನ್ಯಾಟ್. ಐಪಿವಿ4 ಸಾಕಾಗುದಿಲ್ಲ, ಎಲ್ಲರೂ ಒಂದೇ ಪಬ್ಲಿಕ್ ಐಪಿಯ ಹಿಂದೆ ಹತ್ತಾರು ಮನೆ ಕೂರಿಸ್ತಾರೆ. ಪ್ರತಿ ಕನೆಕ್ಷನಿಗೆ ಒಂದು ಲಾಗ್ ಸಾಲು ಬರೆದ್ರೆ ಎಷ್ಟಾಗ್ತದೆ ಅಂತ ಲೆಕ್ಕ ಹಾಕುವ. ಒಂದು ಮನೆಯಿಂದ ದಿನಕ್ಕೆ 10,000 ಕನೆಕ್ಷನ್ ಅಂತ ಹಿಡ್ಕೊಳ್ಳಿ, 1,500 ಮನೆಗೆ ಒಂದೂವರೆ ಕೋಟಿ ಸಾಲು, ಸಾಲಿಗೆ 150 ಬೈಟ್ ಆದ್ರೆ ದಿನಕ್ಕೆ 2.25 ಜಿಬಿ. 2021ರ ಡಿಸೆಂಬರಲ್ಲಿ ಡಿಒಟಿ (ಟೆಲಿಕಾಂ ಇಲಾಖೆ) ಲೈಸೆನ್ಸ್ ತಿದ್ದಿ ಐಪಿಡಿಆರ್ (ಯಾವ ಕನೆಕ್ಷನ್ ಎಲ್ಲಿಗೆ ಹೋಯ್ತು ಅನ್ನುವ ದಾಖಲೆ) ಇಡುವ ಅವಧಿ ಎರಡು ವರ್ಷ ಮಾಡಿತು, ಅಂದ್ರೆ 730 ದಿನಕ್ಕೆ 1.6 ಟಿಬಿ ಚಿಲ್ಲರೆ. ಲಾಗ್ ಫೈಲ್ ಜಿಪ್ ಮಾಡಿದ್ರೆ ಇದು ಚೆನ್ನಾಗಿ ಕುಗ್ತದೆ. ನೋಡಿದ್ರಾ, "ಲಾಗ್ ಇಡ್ಲಿಕ್ಕೆ ಡೇಟಾಸೆಂಟರೇ ಬೇಕು" ಅಂತ ಹೆದರಿಸುವವ್ರ ಮಾತಲ್ಲಿ ಹುರುಳಿಲ್ಲ. 4 ಟಿಬಿಯ ಎರಡು ಡಿಸ್ಕ್ ಮಿರರ್ ಮಾಡಿ, ಇನ್ನೊಂದು ಪ್ರತಿ ಬೇರೆ ಊರಿನ ಪಾಪಲ್ಲಿ ಇಡಿ. ಸರ್ಟ್-ಇನ್ ಕೇಳುವ 180 ದಿನದ ಲಾಗ್ ಬೇರೆ, ಲೈಸೆನ್ಸಿನ ಎರಡು ವರ್ಷ ಬೇರೆ, ಒಂದನ್ನು ಮಾಡಿ ಇನ್ನೊಂದು ಆಯ್ತು ಅಂತ ಬಿಡ್ಬೇಡಿ.

ಇದರ ಮೇಲೆ ನಾನು ಯಾವಾಗ್ಲೂ ಮಾಡಿಸುದು ಪೋರ್ಟ್ ಬ್ಲಾಕ್ ಕ್ರಮ. ಒಂದು ಐಪಿಯಲ್ಲಿ 1024ರಿಂದ 65535ರವರೆಗೆ 64,512 ಪೋರ್ಟ್. ಗಿರಾಕಿಗೆ 1,024 ಪೋರ್ಟಿನ ಒಂದು ಬ್ಲಾಕ್ ಖಾಯಂ ಕೊಟ್ರೆ ಒಂದು ಐಪಿಗೆ 63 ಜನ, 24 ಐಪಿಗೆ 1,512 ಜನ. ಗಿರಾಕಿಯ ಒಳಗಿನ ಐಪಿ, ಇದಕ್ಕೆಂದೇ ಮೀಸಲಿರುವ 100.64ರಿಂದ ಶುರುವಾಗುವ ರೇಂಜಲ್ಲಿ, ರೇಡಿಯಸ್ಸಿಂದಲೇ ಫಿಕ್ಸ್ ಮಾಡಿ. ಆಗ ಪಬ್ಲಿಕ್ ಐಪಿ ಮತ್ತು ಪೋರ್ಟ್ ಹೇಳಿದ ಕೂಡ್ಲೇ ಗಿರಾಕಿ ಯಾರು ಅಂತ ಬರೀ ಲೆಕ್ಕದಲ್ಲೇ ಸಿಗ್ತದೆ, ಲಾಗ್ ಸರ್ವರ್ ಸಿಡಿಲಿಗೆ ಸತ್ತು ಹೋಗಿದ್ರೂ. ಮೈಕ್ರೋಟಿಕ್ ರೂಟರಲ್ಲಿ ಇದಕ್ಕೆ ಸಾವಿರಾರು ರೂಲ್ ಆಗ್ತದೆ, ಸ್ಕ್ರಿಪ್ಟಲ್ಲಿ ಹುಟ್ಟಿಸಿ ಜಂಪ್ ಚೈನಲ್ಲಿ ಹಂಚಿ ಹಾಕ್ಬೇಕು, ಇಲ್ಲದಿದ್ರೆ ಸಿಪಿಯು ಬೊಬ್ಬೆ ಹೊಡೀತದೆ. ಮ್ಯಾಪಿಂಗ್ ಬದಲಾಯಿಸಿದಾಗೆಲ್ಲ ಹಳೇ ಕಾನ್ಫಿಗರೇಶನ್ ತಾರೀಕು ಸಮೇತ ಜೋಪಾನ ಮಾಡಿ, ಇಲ್ಲದಿದ್ರೆ ಹಳೇ ನೋಟಿಸಿಗೆ ಹೊಸ ಮ್ಯಾಪಿಂಗ್ ಹಿಡಿದು ಉತ್ತರ ಕೊಟ್ಟು ಸಿಕ್ಕಿ ಬೀಳ್ತೀರಿ. ಮಣಿಪಾಲದ ಪಿಜಿಗಳಿಗೆ ಮಾತ್ರ ಈ 1,024 ಸಾಕಾಗುದಿಲ್ಲ, ಒಂದು ಕನೆಕ್ಷನಲ್ಲಿ 40 ಹುಡುಗರು, ಅವ್ರಿಗೆ ಬೇರೆ ಪಬ್ಲಿಕ್ ಐಪಿ ಕೊಟ್ಟು ಕೈ ತೊಳ್ಕೊಳ್ಳಿ. ಮತ್ತೆ, ಪೋರ್ಟ್ ಬ್ಲಾಕ್ ಮಾಡಿದ್ದೇವೆ ಅಂತ ಐಪಿಡಿಆರ್ ನಿಲ್ಲಿಸ್ಲಿಕ್ಕಿಲ್ಲ, ಲೈಸೆನ್ಸ್ ಅದನ್ನೂ ಕೇಳ್ತದೆ. ರೂಟರಿಂದ ನೆಟ್‌ಫ್ಲೋ (ಕನೆಕ್ಷನ್‌ಗಳ ಸಾರಾಂಶ) ತೆಗೆದು ಎನ್‌ಎಫ್‌ಡಂಪ್‌ಗೆ (ಅದನ್ನು ಉಳಿಸಿಡುವ ಸಾಫ್ಟ್‌ವೇರ್) ಹಾಕಿದ್ರೆ ಅದೂ ಪುಕ್ಕಟೆ ಕೆಲಸ. ಐಪಿವಿ6ನಲ್ಲಿ ಗಿರಾಕಿಗೊಂದು ಖಾಯಂ ಪ್ರಿಫಿಕ್ಸ್ ಕೊಟ್ರೆ ಈ ನ್ಯಾಟ್ ರಗಳೆಯೇ ಇಲ್ಲ, ಆದಷ್ಟು ಟ್ರಾಫಿಕ್ಕನ್ನು ಆ ಕಡೆ ತಳ್ಳಿ.

ನೋಟಿಸಲ್ಲಿ ಪೋರ್ಟ್ ನಂಬರ್ ಇಲ್ಲದೆ ಬರೀ ಐಪಿ ಇದ್ರೆ? 63 ಮನೆಯಲ್ಲಿ ಯಾವ ಮನೆ ಅಂತ ಅಂದಾಜಲ್ಲಿ ಹೇಳ್ಬೇಡಿ. ಇಂಟರ್ನೆಟ್ ಸರ್ವರ್‌ಗಳು ಸೋರ್ಸ್ ಪೋರ್ಟನ್ನೂ ಲಾಗ್ ಮಾಡ್ಬೇಕು ಅಂತ 2011ರಲ್ಲೇ ಆರ್‌ಎಫ್‌ಸಿ 6302 ಅನ್ನುವ ಇಂಟರ್ನೆಟ್ ತಾಂತ್ರಿಕ ದಾಖಲೆ ಹೇಳಿದೆ, ಪೋರ್ಟ್ ತರಿಸಿ ಕೊಡಿ ಅಂತ ಮರ್ಯಾದೆಯಿಂದ ಬರೆದು ಕಳ್ಸಿ.

ಲಾಗ್ ಫೈಲಿಗೆ ದಿನಾ ರಾತ್ರಿ ಎಸ್‌ಎಚ್‌ಎ-256 ಹ್ಯಾಶ್ (ಫೈಲ್ ತಿದ್ದಿದ್ರೆ ಗೊತ್ತಾಗುವ ಬೆರಳಚ್ಚಿನ ಹಾಗೆ) ತೆಗೆದು ಬೇರೆ ಮೆಷಿನಿಗೆ ಕಳ್ಸುವ ಸಣ್ಣ ಸ್ಕ್ರಿಪ್ಟ್ ಹಾಕಿಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಸರ್ಟಿಫಿಕೇಟಲ್ಲಿ, ಹಿಂದೆ 65ಬಿ ಅಂತಿದ್ದದ್ದು, ಹ್ಯಾಶ್ ಬರೆಯುವ ಜಾಗವೇ ಉಂಟು.

ಟ್ರಾಫಿಕ್ ಎಲ್ಲಿಂದ ತೆಗೆಯುದು

ಇಷ್ಟು ಆದ್ಮೇಲೆ ಟ್ಯಾಪಿಂಗ್. ತುಂಬ ಜನ ಹೇಳುದು "ಅಪ್‌ಸ್ಟ್ರೀಮಿನವ್ರು ಮಾಡ್ತಾರೆ, ನಮಗೆಂತ" ಅಂತ. ಅಪ್‌ಸ್ಟ್ರೀಮಿನವ್ರಿಗೆ, ಅಂದ್ರೆ ನಮಗೆ ಇಂಟರ್ನೆಟ್ ಮಾರುವ ದೊಡ್ಡ ಕಂಪೆನಿಗೆ, ಕಾಣುದು ನ್ಯಾಟ್ ಆದ ನಂತ್ರದ ಐಪಿ, ಅದರ ಹಿಂದೆ 63 ಮನೆ. ಒಬ್ಬನಿಗೆ ಆದೇಶ ಇರುದು, ಹಿಡಿಯುದು 63 ಜನರದ್ದು, ಅದು ಕಾನೂನಲ್ಲ. ಅಷ್ಟೇ ಅಲ್ಲ, ನಿಮ್ಮ ಹತ್ರ ಗೂಗಲ್ ಅಥವಾ ಮೆಟಾ ಕ್ಯಾಶ್ ಸರ್ವರ್ (ವಿಡಿಯೋ ಇತ್ಯಾದಿಯ ಪ್ರತಿ ಹತ್ರವೇ ಇಡುವ ಮೆಷಿನ್) ಇದ್ರೆ ಆ ಟ್ರಾಫಿಕ್ ಅಪ್‌ಸ್ಟ್ರೀಮ್ ವರೆಗೆ ಹೋಗುದೇ ಇಲ್ಲ. ಹಾಗಿದ್ರೂ ನಿಮ್ಮ ಅಪ್‌ಸ್ಟ್ರೀಮ್ ಏನೇನು ಕೊಡ್ತಾರೆ ಅಂತ ಬರಹದಲ್ಲಿ ಕೇಳಿ ಇಟ್ಕೊಳ್ಳಿ, ಪೋರ್ಟ್ ಬ್ಲಾಕ್ ಮಾಡಿದವ್ರಿಗೆ ಅಲ್ಲೂ ಪ್ರಯೋಜನ ಆಗ್ತದೆ.

ಸರಿಯಾದ ಜಾಗ ಓಎಲ್‌ಟಿ ಅಗ್ರಿಗೇಶನ್ ಸ್ವಿಚ್ ಮತ್ತು ಬಿಎನ್‌ಜಿ (ಗಿರಾಕಿಗಳೆಲ್ಲ ಲಾಗಿನ್ ಆಗುವ ಮುಖ್ಯ ರೂಟರ್) ಮಧ್ಯೆ, ಅಥವಾ ಬಿಎನ್‌ಜಿ ಮತ್ತು ನ್ಯಾಟ್ ಬಾಕ್ಸ್ ಮಧ್ಯೆ. ಅಲ್ಲಿ ಪ್ರತಿ ಗಿರಾಕಿಯ ಒಳಗಿನ ಐಪಿ ಇನ್ನೂ ಹಾಗೇ ಇರ್ತದೆ.

ತೆಗೀಲಿಕ್ಕೆ ಎರಡು ದಾರಿ. ಒಂದು ಸ್ವಿಚ್ಚಿನ ಮಿರರ್ ಪೋರ್ಟ್ (ಟ್ರಾಫಿಕ್ಕಿನ ನಕಲು ಕೊಡುವ ಪೋರ್ಟ್), ಇದು ನಿಮ್ಮ ಹತ್ರ ಈಗಾಗ್ಲೇ ಉಂಟು. ಆದ್ರೆ 10ಜಿ ಪೋರ್ಟಲ್ಲಿ ಕೆಳಗೆ 6 ಜಿಬಿಪಿಎಸ್, ಮೇಲೆ 1 ಹೋಗ್ತಿದ್ರೆ ಮಿರರಲ್ಲಿ 7 ಬರ್ತದೆ, ಹಿಡೀತದೆ, ಕೆಳಗೆ 8 ಮೇಲೆ 3 ಆದ್ರೆ 11 ಆಗಿ ಪ್ಯಾಕೆಟ್ ಚೆಲ್ತದೆ, ಚೆಲ್ಲಿದ್ದು ನಿಮಗೆ ಗೊತ್ತೂ ಆಗುದಿಲ್ಲ. ಇನ್ನೊಂದು ಆಪ್ಟಿಕಲ್ ಸ್ಪ್ಲಿಟರ್, ಫೈಬರಿನ ಬೆಳಕನ್ನು ಎರಡು ಪಾಲು ಮಾಡುವಂಥದ್ದು. ನಮ್ಮ ಜಿಪಾನ್ (ಮನೆ ಫೈಬರ್) ಹುಡುಗರಿಗೆ ಇದು ಹೇಳಿ ಕೊಡ್ಬೇಕಾ, ಕಂಬ ಹತ್ತಿ ದಿನಾ ಹಾಕುದೇ ಅದು! 70:30 ಸ್ಪ್ಲಿಟರ್ ಎರಡು ಬೇಕು, ಹೋಗುವ ನಾರಿಗೊಂದು ಬರುವ ನಾರಿಗೊಂದು. 30ರ ಕಾಲಲ್ಲಿ ಸುಮಾರು 5.2 ಡಿಬಿ, 70ರ ಕಾಲಲ್ಲಿ ಒಂದೂವರೆ ಡಿಬಿ ಚಿಲ್ಲರೆ ಬೆಳಕು ಹೋಗ್ತದೆ, ಎಸ್‌ಎಫ್‌ಪಿ (ಫೈಬರ್ ಸಿಕ್ಕಿಸುವ ಮಾಡ್ಯೂಲ್) ಪವರ್ ಬಜೆಟ್ ನೋಡಿ ಹಾಕಿ. ಕರೆಂಟ್ ಬೇಡ, ಹಾಳಾಗುದಿಲ್ಲ, ರೂಟರಿಗೂ ಗೊತ್ತಾಗುದಿಲ್ಲ. ನನ್ನ ವೋಟು ಇದಕ್ಕೆ. ಆದ್ರೆ ಬಿಐಡಿಐ ಎಸ್‌ಎಫ್‌ಪಿ, ಅಂದ್ರೆ ಒಂದೇ ನಾರಲ್ಲಿ ಎರಡೂ ದಿಕ್ಕು ಹೋಗುವಲ್ಲಿ ಇದು ಇಷ್ಟು ಸರಳ ಅಲ್ಲ, ಆ ಒಂದು ಲಿಂಕಿಗೆ ಮಾತ್ರ ಎರಡು ನಾರಿನ ಎಸ್‌ಎಫ್‌ಪಿ ಹಾಕಿ ಬಿಡಿ.

ರೂಟರಲ್ಲೇ ಮಾಡುವ ಆಸೆ ಬೇಡ

ಮೈಕ್ರೋಟಿಕ್ಕಲ್ಲಿ ಪ್ಯಾಕೆಟ್ ಹಿಡಿದು ಟಿಜಡ್‌ಎಸ್‌ಪಿ ಅನ್ನುವ ಕ್ರಮದಲ್ಲಿ ಬೇರೆ ಮೆಷಿನಿಗೆ ಕಳ್ಸುವ ಸೌಲಭ್ಯ ಉಂಟು, ಕೆಲಿಯಾ ಹೆಸರಿನ ಪ್ಯಾಕೇಜೇ ಉಂಟು. ಕೆಲಿಯಾ ಅಂದ್ರೆ ಅಮೆರಿಕದ 1994ರ ಕಾನೂನು, ಅಲ್ಲಿನ ಬ್ರಾಡ್‌ಬ್ಯಾಂಡಿನವ್ರೆಲ್ಲ 2007ರ ಮೇ 14ರೊಳಗೆ ರೆಡಿಯಾಗ್ಬೇಕು ಅಂದಾಗ ಅಲ್ಲಿನ ಸಣ್ಣವ್ರೂ ನಮ್ಮ ಹಾಗೇ ತಲೆಬಿಸಿ ಮಾಡ್ಕೊಂಡಿದ್ರು. ರೂಟರಲ್ಲಿ ಮಾಡಿದ್ರೆ ಮೂರು ಕಡೆ ಕಾಲು ಜಾರ್ತದೆ. ಒಂದು, ಫಾಸ್ಟ್‌ಟ್ರ್ಯಾಕ್ ಆನ್ ಇದ್ರೆ ಕನೆಕ್ಷನಿನ ಮೊದಲ ಕೆಲವು ಪ್ಯಾಕೆಟ್ ಬಿಟ್ಟು ಉಳಿದದ್ದು ಫೈರ್‌ವಾಲ್ ರೂಲ್ ಹತ್ರ ಬರುದೇ ಇಲ್ಲ, ಫೈಲ್ ನೋಡಿದ್ರೆ ತುಂಬಿದ ಹಾಗಿರ್ತದೆ, ಒಳಗೆ ಎಂತದ್ದೂ ಇರುದಿಲ್ಲ. ಎರಡು, ಪಿಪಿಪಿಒಇ ಇಂಟರ್ಫೇಸ್ ಗಿರಾಕಿ ಮರು ಲಾಗಿನ್ ಆದಾಗ ಹೊಸತಾಗಿ ಹುಟ್ತದೆ, ಅದಕ್ಕೆ ಕಟ್ಟಿದ ರೂಲ್ ಬಿದ್ದು ಹೋಗ್ತದೆ. ಮೂರನೇದ್ದು ಎಲ್ಲಕ್ಕಿಂತ ಕೆಟ್ಟದ್ದು: ಅಡ್ರೆಸ್ ಲಿಸ್ಟಲ್ಲಿ ಆ ಮನುಷ್ಯನ ಐಪಿ ರೂಟರಿಗೆ ಲಾಗಿನ್ ಇರುವ ಎಲ್ಲ ಹುಡುಗರಿಗೂ ಕಾಣ್ತದೆ, ರೇಡಿಯಸ್ ಪ್ಯಾನೆಲಲ್ಲಿ ಹಾಕಿದ್ರೆ ಕಲೆಕ್ಷನಿಗೆ ಹೋಗುವವ್ನಿಗೂ ಕಾಣ್ತದೆ. ಗುಟ್ಟು ಕಾಪಾಡ್ಬೇಕಾದದ್ದು ನಿಮ್ಮ ಕಾನೂನು ಹೊಣೆ.

ಬೇರೆಯೇ ಬಾಕ್ಸ್, ಬೇರೆಯೇ ಬೀಗ

ಹಾಗಾಗಿ ಒಂದು ಲಿನಕ್ಸ್ ಮೆಷಿನ್ ಬೇರೆ ಇಡಿ. ಸ್ಪ್ಲಿಟರಿಂದ ಬಂದ ಎರಡು ನಾರು, ರೇಡಿಯಸ್ ಟ್ರಾಫಿಕ್ಕಿನ ಒಂದು ಮಿರರ್, ಇಷ್ಟು ಅದಕ್ಕೆ ಕೊಡಿ. ಅದು ರೇಡಿಯಸ್ ನೋಡಿ ಈ ಯೂಸರಿಗೆ ಈಗ ಈ ಐಪಿ ಅಂತ ತಾನೇ ತಿಳ್ಕೊಳ್ತದೆ, ಆ ಐಪಿಯ ಪ್ಯಾಕೆಟ್ ಮಾತ್ರ ಇಟ್ಕೊಂಡು ಉಳಿದದ್ದೆಲ್ಲ ಅಲ್ಲೇ ಬಿಸಾಡ್ತದೆ. ರೂಟರ್ ಕಾನ್ಫಿಗರೇಶನಲ್ಲಿ ಯಾರ ಹೆಸರೂ ಇಲ್ಲ, ಆದೇಶ ಬಂದ ದಿನ ರೂಟರ್ ಮುಟ್ಲಿಕ್ಕೂ ಇಲ್ಲ.

ಇದನ್ನೇ ಮಾಡುವ ಓಪನ್‌ಎಲ್‌ಐ ಅನ್ನುವ ಉಚಿತ ಸಾಫ್ಟ್‌ವೇರ್ ಉಂಟು, ನ್ಯೂಜಿಲೆಂಡಿನ ವೈಕಾಟೊ ಯೂನಿವರ್ಸಿಟಿಯ ವ್ಯಾಂಡ್ ತಂಡ ಮಾಡಿದ್ದು, ಅಲ್ಲಿನ ಐಎಸ್‌ಪಿಗಳಿಗೂ ಬಾಕ್ಸಿನ ರೇಟಿನದ್ದೇ ತೊಂದರೆ. ಅದ್ರಲ್ಲಿ ಮೂರು ಭಾಗ: ಆದೇಶದ ವಿವರ ಹಾಕುವ ಪ್ರೊವಿಷನರ್, ಪ್ಯಾಕೆಟ್ ಹಿಡಿಯುವ ಕಲೆಕ್ಟರ್, ಏಜೆನ್ಸಿಗೆ ದಾಟಿಸುವ ಮೀಡಿಯೇಟರ್. ಯುರೋಪಿನ ಎಟ್ಸಿ (ಟೆಲಿಕಾಂ ಮಾನದಂಡ ಸಂಸ್ಥೆ) ಮಾದರಿಯಲ್ಲಿ ಕೊಡ್ತದೆ, ಆ ಮಾದರಿಯಲ್ಲಿ ಎಚ್‌ಐ1 ಅಂದ್ರೆ ಆದೇಶದ ವ್ಯವಹಾರ, ಎಚ್‌ಐ2 ಅಂದ್ರೆ ಯಾರು ಯಾವಾಗ ಅನ್ನುವ ಮಾಹಿತಿ, ಎಚ್‌ಐ3 ಅಂದ್ರೆ ಒಳಗಿನ ವಿಷಯ. ಬೇಕಾದ್ರೆ ಪಿಕ್ಯಾಪ್ (ಹಿಡಿದ ಪ್ಯಾಕೆಟ್ ಉಳಿಸುವ ಸಾಮಾನ್ಯ ಮಾದರಿ) ಫೈಲಾಗಿಯೂ ಬರೀತದೆ. ಆದ್ರೆ ನಾಳೆಯೇ ಇದನ್ನು ಹಾಕಿ "ನಮ್ದು ಆಯ್ತು" ಅಂತ ಕೂರ್ಲಿಕ್ಕಿಲ್ಲ. ಡಿಒಟಿಯ ಕರ್ನಾಟಕ ಎಲ್‌ಎಸ್‌ಎ (ರಾಜ್ಯ ಮಟ್ಟದ) ಕಚೇರಿಗೆ ನೆಟ್‌ವರ್ಕಿನ ಚಿತ್ರ, ಟ್ಯಾಪ್ ಜಾಗ, ಕೊಡುವ ಮಾದರಿ ಬರೆದು ಕಳ್ಸಿ, ಡೆಮೊ ತೋರಿಸಿ, ಅವ್ರು ಬರಹದಲ್ಲಿ ಸರಿ ಅಂದ ಮೇಲೆಯೇ ಖರ್ಚು ಮಾಡಿ. ಅವ್ರು ಬೇರೆ ಬಾಕ್ಸೇ ಬೇಕು ಅಂದ್ರೂ ನಿಮ್ಮ ಸ್ಪ್ಲಿಟರ್, ರೇಡಿಯಸ್, ಪೋರ್ಟ್ ಬ್ಲಾಕ್ ಯಾವುದೂ ದಂಡ ಆಗುದಿಲ್ಲ, ಆ ಬಾಕ್ಸಿಗೂ ಇದೆಲ್ಲ ಬೇಕೇ ಬೇಕು, ಮತ್ತೆ ನಿಮಗೆ ಇಷ್ಟು ಗೊತ್ತುಂಟು ಅಂತಾದ್ರೆ ಕೊಟೇಶನಿನ ಸೊನ್ನೆಯೂ ಒಂದೆರಡು ತನ್ನಿಂತಾನೇ ಉದುರ್ತದೆ.

ನಾಲ್ಕೈದು ಸಣ್ಣ ಐಎಸ್‌ಪಿಯವ್ರು ಸೇರಿ ಒಂದು ಮೆಷಿನ್ ಇಟ್ಕೊಳ್ಳುವ ಯೋಚನೆ ಬರ್ತದೆ, ಕುಂದಾಪುರ ಕಡೆ ಮಾತೂ ಆಗಿತ್ತು. ಬಿಡಿ ಭಾಗ, ಸ್ಪೇರ್ ಎಸ್‌ಎಫ್‌ಪಿ, ಸ್ಕ್ರಿಪ್ಟ್ ಎಲ್ಲ ಹಂಚ್ಕೊಳ್ಳಿ, ಪಾಸ್‌ವರ್ಡ್ ಮತ್ತು ಆದೇಶ ಹಂಚ್ಬೇಡಿ. ಪಕ್ಕದ ಐಎಸ್‌ಪಿ ನಿಮ್ಮ ದೋಸ್ತಿ ಆಗಿರ್ಬಹುದು, ಆದ್ರೆ ಅದೇ ಗಿರಾಕಿಗೆ ಅವ್ನೂ ಕೇಬಲ್ ಎಳೀಲಿಕ್ಕೆ ಕಾಯ್ತಿದ್ದಾನೆ.

ಎಚ್‌ಟಿಟಿಪಿಎಸ್ (ಎನ್‌ಕ್ರಿಪ್ಟ್ ಆದ ವೆಬ್ ಟ್ರಾಫಿಕ್) ಒಳಗೆ ಎಂತ ಉಂಟು ಅಂತ ಕೇಳಿದ್ರೆ? ನಿಮ್ಮ ಹತ್ರ ಕೀ ಇಲ್ಲದ ಎನ್‌ಕ್ರಿಪ್ಷನ್ ಬಿಡಿಸ್ಲಿಕ್ಕೆ ನಿಮ್ಮಿಂದ ಆಗುದಿಲ್ಲ, 2009ರ ನಿಯಮವೂ ಡಿಕ್ರಿಪ್ಷನ್ ಸಹಾಯವನ್ನು ನೀವೇ ಎನ್‌ಕ್ರಿಪ್ಟ್ ಮಾಡಿದ್ದಕ್ಕೆ ಅಥವಾ ನಿಮ್ಮ ಕೈಯಲ್ಲಿ ಕೀ ಇರುವಷ್ಟಕ್ಕೆ ಮಾತ್ರ ಸೀಮಿತ ಮಾಡಿದೆ. ಸಿಕ್ಕಿದ ಪ್ಯಾಕೆಟ್ ಸಿಕ್ಕಿದ ಹಾಗೆ ಕೊಡಿ. ಅದನ್ನು ಬಿಡಿಸ್ಲಿಕ್ಕೆ ಗಿರಾಕಿ ಫೋನಲ್ಲಿ ಸರ್ಟಿಫಿಕೇಟ್ ಇನ್‌ಸ್ಟಾಲ್ ಮಾಡಿಸುವ ಐಡಿಯಾ ಯಾರಾದ್ರೂ ಕೊಟ್ರೆ ಅವರನ್ನು ಆಫೀಸಿನ ಮೆಟ್ಲು ಇಳಿಸಿ ಬನ್ನಿ.

ಆ ಮೆಷಿನಿಗೆ ಬೇರೆ ಬೀಗದ ರ‍್ಯಾಕ್, ಡಿಸ್ಕ್ ಎನ್‌ಕ್ರಿಪ್ಟ್, ಲಾಗಿನ್ ಇಬ್ಬರು ನೋಡಲ್ ಆಫೀಸರಿಗೆ ಮಾತ್ರ, ಯಾರು ಯಾವಾಗ ಒಳಗೆ ಹೋದ್ರು ಅನ್ನುವ ಲಾಗ್ ಇನ್ನೊಂದು ಮೆಷಿನಲ್ಲಿ. ಇಂಟರ್ನೆಟ್ಟಿಗೆ ನೇರ ತೋರಿಸ್ಬೇಡಿ, ಊರಿನವ್ರ ಟ್ರಾಫಿಕ್ಕೆಲ್ಲ ಹಾದು ಹೋಗುವ ಮೆಷಿನ್ ಹ್ಯಾಕ್ ಆದ್ರೆ ಆರು ಗಂಟೆಯೊಳಗೆ ಸರ್ಟ್-ಇನ್ನಿಗೆ ತಿಳಿಸುದು ಒಂದು ಕಡೆ, ಊರಲ್ಲಿ ಮುಖ ತೋರಿಸುದು ಇನ್ನೊಂದು ಕಡೆ. ಸಾದಾ ದಿನಗಳಲ್ಲಿ ಸ್ಪ್ಲಿಟರಿನ ಪ್ಯಾಚ್ ಕಾರ್ಡ್ ಕಳಚಿಟ್ಟು ಡಸ್ಟ್ ಕ್ಯಾಪ್ ಹಾಕಿಡಿ, ನಿಮ್ಮ ಲೈಸೆನ್ಸಿನಲ್ಲಿ ಮತ್ತು ಎಲ್‌ಎಸ್‌ಎ ಒಪ್ಪಿಗೆಯಲ್ಲಿ ಸದಾ ಜೋಡಿಸಿರ್ಬೇಕು ಅಂತ ಇಲ್ಲದಿದ್ರೆ.

ಡ್ರಿಲ್

ಮೂರು ತಿಂಗಳಿಗೊಮ್ಮೆ ಆಫೀಸಿನದ್ದೇ ಒಂದು ಟೆಸ್ಟ್ ಕನೆಕ್ಷನ್ ಮೇಲೆ ನಡೆಸಿ ನೋಡಿ. ಗಿರಾಕಿಯದ್ದು ಬೇಡ, ಸ್ಟಾಫಿನ ಮನೆಯದ್ದೂ ಬೇಡ, ಅವರ ಮನೆಯವ್ರೂ ಅದೇ ಲೈನಲ್ಲಿ ಇರ್ತಾರೆ. ಟೆಸ್ಟ್ ಯೂಸರನ್ನು ಲಾಗಿನ್ ಮಾಡಿಸಿ, ತಿಳಿದ ಗಾತ್ರದ ಒಂದು ಫೈಲ್ ಡೌನ್‌ಲೋಡ್ ಮಾಡಿ, ರೂಟರ್ ಒಮ್ಮೆ ಕರೆಂಟ್ ತೆಗೆದು ಹಾಕಿ, ಪುನಃ ಲಾಗಿನ್, ಪುನಃ ಡೌನ್‌ಲೋಡ್. ಹಿಡಿದ ಫೈಲಲ್ಲಿ ಎರಡೂ ಸಲದ್ದು ಪೂರ್ತಿ ಬಂದಿದ್ಯಾ, ಎರಡೂ ದಿಕ್ಕು ಉಂಟಾ, ಐಪಿವಿ6 ಬಿಟ್ಟು ಹೋಗಿದ್ಯಾ, ಬೇರೆ ಗಿರಾಕಿಯ ಒಂದೇ ಒಂದು ಪ್ಯಾಕೆಟ್ ಆದ್ರೂ ನುಸುಳಿದ್ಯಾ, ಸಮಯ ಸರಿ ಉಂಟಾ ಅಂತ ನೋಡಿ. ನನ್ನ ಮೊದಲ ಡ್ರಿಲ್ಲಲ್ಲಿ ಐಪಿವಿ6 ಬಂದಿರ್ಲೇ ಇಲ್ಲ, ಯೂಟ್ಯೂಬ್ ಪೂರ್ತಿ ಅದ್ರಲ್ಲೇ ಹೋಗ್ತಿತ್ತು.

ನಿಜವಾದ ಆದೇಶ ಬಂದಾಗಲೂ ಇದೇ ಓಟ: ಕಾಗದದ ಅಸಲಿತನ ನೋಡುದು, ಎರಡು ಗಂಟೆಯೊಳಗೆ ಸ್ವೀಕೃತಿ, ಯೂಸರ್ ನೇಮ್ ತಾಳೆ, ಶುರು ಮಾಡುದು, ಮುಗಿಯುವ ತಾರೀಕನ್ನು ಮೆಷಿನಿಗೂ ಹಾಕುದು, ಅದು ತಾನಾಗೇ ನಿಲ್ಬೇಕು, ನಿಮ್ಮ ನೆನಪಿನ ಮೇಲೆ ಬಿಡ್ಬೇಡಿ. ಮುಂದುವರಿಸುವ ಕಾಗದ ದಾರಿಯಲ್ಲಿದೆ ಅಂತ ಫೋನ್ ಬಂದ್ರೂ ಕಾಗದ ಕೈಗೆ ಬರುವವರೆಗೆ ನಿಂತೇ ಇರ್ಲಿ. ಇಂಟರ್ಸೆಪ್ಶನ್ ನಿಂತ ಎರಡು ತಿಂಗಳೊಳಗೆ ನಿಮ್ಮ ಹತ್ರ ಇರುವ ಆದೇಶದ ದಾಖಲೆ ನಾಶ ಮಾಡ್ಬೇಕು, ಅದೂ ಕ್ಯಾಲೆಂಡರಿಗೆ ಹಾಕಿ. ಬ್ಯಾಕಪ್ ಡಿಸ್ಕಲ್ಲಿ, ಸ್ಕ್ಯಾನ್ ಮಾಡಿದ ಫೋನಿನ ಗ್ಯಾಲರಿಯಲ್ಲಿ, ಪ್ರಿಂಟರ್ ಮೆಮೊರಿಯಲ್ಲಿ ಉಳ್ದಿದ್ಯಾ ಅಂತ ಸಮೇತ ನೋಡಿ.